ಮಾವನ ಟವೆಲ್ಲು, ನನ್ನ ಫೇಲ್‌ಸೇಫು

ನನ್ನ ಮೊಣಕಾಲು ಸುಮ್ಮನಿರುವುದಿಲ್ಲ. ಈ ಸಾಲು ಬರೆಯುವಾಗಲೂ ಮೇಜಿನ ಕೆಳಗೆ ಹೊಲಿಗೆ ಮಷೀನಿನ ಹಾಗೆ ಕುಣಿಯುತ್ತಿದೆ. ಅದರ ಕುಣಿತಕ್ಕೆ ಮೇಜಿನ ಮೇಲಿನ ಸಾಮಾನುಗಳೂ ಕಟಕಟ ಎನ್ನುತ್ತಿವೆ. ಅವುಗಳಲ್ಲಿ ಒಂದು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಹಸಿರು ಚೂರು. ಎರಡು ಜಿರಲೆ ಮೀಸೆಯಂಥ ತಂತಿ, ಒಂದು ಪುಟ್ಟ ಲೈಟು, ಸಾಸಿವೆಕಾಳಿನಷ್ಟು ಒಂದು ಗುಂಡಿ. ಮೂಲೆಯಲ್ಲಿ ಮಾವನ ಊರಾದ ಕರೂರಿನ ಗದ್ದೆಯ ಕೆಸರು ಒಣಗಿ ಕೂತಿದೆ. ಹಳೆಯ ಹಲ್ಲಿನ ಬ್ರಷ್ಷಿನಿಂದ ಎರಡು ಸಲ ಉಜ್ಜಿದರೆ ಹೋಗುವ ಕೆಸರು. ನಾನು ಉಜ್ಜಿಲ್ಲ.

ಇದು ಡ್ರೋನಿನ ಕಿವಿ. ರಿಸೀವರ್ ಎನ್ನುತ್ತಾರೆ. ಕೆಳಗೆ ನಿಂತವನ ಕೈಯ ರಿಮೋಟು ಹೇಳಿದ್ದನ್ನು ಮೇಲೆ ಹಾರುವ ಡ್ರೋನಿಗೆ ಕೇಳಿಸುವುದು ಇದರ ಕೆಲಸ. ಆದರೆ ಕಿವಿ ಎಂದ ಮೇಲೆ ಒಮ್ಮೊಮ್ಮೆ ಕೇಳಿಸುವುದಿಲ್ಲ. ನಡುವೆ ಮರ ಬರಬಹುದು, ದೂರ ಹೆಚ್ಚಾಗಬಹುದು, ರಿಮೋಟಿನ ಬ್ಯಾಟರಿ ಪ್ರಾಣ ಬಿಡಬಹುದು. ಆಗ ಆಕಾಶದಲ್ಲಿರುವ ಅದು ಏನು ಮಾಡಬೇಕು? ಅದನ್ನು ಮೊದಲೇ ಹೇಳಿಕೊಟ್ಟಿಡುವುದಕ್ಕೆ ಫೇಲ್‌ಸೇಫ್ ಎಂದು ಹೆಸರು. ವಿಧಾನ ಬಹಳ ಸುಲಭ. ಸಂಪರ್ಕ ಕಡಿದಾಗ ಡ್ರೋನು ಹೇಗಿರಬೇಕೋ ಹಾಗೆ ರಿಮೋಟಿನ ಎರಡು ಕಡ್ಡಿಗಳನ್ನು (ಎಡದ್ದು ವೇಗಕ್ಕೆ, ಬಲದ್ದು ದಿಕ್ಕಿಗೆ) ಹಿಡಿದು, ರಿಸೀವರಿನ ಈ ಸಾಸಿವೆ ಗುಂಡಿಯನ್ನು ಒತ್ತಬೇಕು. ಒತ್ತಿದ ಆ ಕ್ಷಣದಲ್ಲಿ ಕಡ್ಡಿಗಳು ಎಲ್ಲಿದ್ದವೋ ಅದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ನಾಳೆ ಯಾರ ಮಾತೂ ಕೇಳಿಸದಾದಾಗ ಕಣ್ಣು ಮುಚ್ಚಿಕೊಂಡು ಅದನ್ನೇ ಮಾಡಿ ತೋರಿಸುತ್ತದೆ.

ಅಂದರೆ ಅದೂ ನನ್ನ ಜಾತಿಯದೇ. ಮಿಮಿಕ್ರಿ ಕಲಾವಿದ.

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಗುಂಡಿ ಹೊಡೆಯುವವನು. ಕಾಲಿನಲ್ಲಿ ಪೆಡಲ್ ತುಳಿದರೆ ಮೇಲಿನಿಂದ ಧಡ್ ಎಂದು ಬೀಳುತ್ತದೆ, ಗುಂಡಿ ಕೂತಿತು, ಮುಂದಿನ ಪ್ಯಾಂಟು. ಮೊಣಕಾಲಿನ ಈ ರೋಗ ಅಲ್ಲಿಂದ ಬಂದದ್ದು ಎಂದು ನಾನು ಹೇಳುತ್ತೇನೆ. ಹುಟ್ಟಿನಿಂದಲೇ ಬಂದದ್ದು ಎಂದು ಅವ್ವ ಹೇಳುತ್ತಾಳೆ. ಕೈಕಾಲಿಗೆ ಕೆಲಸವಿದ್ದರೂ ಬಾಯಿ ಖಾಲಿ ಇರುತ್ತದಲ್ಲ, ಅದಕ್ಕೆ ನಾನೇ ಕೆಲಸ ಕೊಟ್ಟಿದ್ದೇನೆ. ನಮ್ಮ ಸೂಪರ್‌ವೈಸರು ಬಾಗಿಲಲ್ಲಿ ಕಾಣಿಸುವ ಮೊದಲೇ ಅವರ ದನಿ ನನ್ನ ಗಂಟಲಲ್ಲಿ ಹಾಜರಿರುತ್ತದೆ. "ಏಮಯ್ಯಾ, ತೊಂದರಗಾ, ತೊಂದರಗಾ! ಲಾರಿ ನಿಂತೈತಿ, ನೀನೂ ನಿಂತೀಯಲ್ಲಪ್ಪಾ!" ಎಂದು ಅವರ ತೆಲುಗು ಬೆರೆತ ಅವಸರದಲ್ಲಿ ನಾನು ಕೂಗಿದರೆ ಕತ್ತರಿ ಹಾಕುವವರು ಬೆದರಿ ಎರಡು ಪದರ ಹೆಚ್ಚಿಗೆ ಕತ್ತರಿಸುತ್ತಾರೆ. ಅವ್ವನಿಗೆ ಎರಡು ದನಿ ಇವೆ. ಒಂದು ಫೋನಿನದು, ಸಕ್ಕರೆಪಾಕ. ಒಂದು ನನ್ನದು, ಮಿರ್ಚಿ. ಎರಡೂ ನನಗೆ ಬರುತ್ತವೆ. ಬಾರದಿರುವುದು ಒಂದೇ ದನಿ, ನನ್ನದು. ಒಮ್ಮೆ ವಾಟ್ಸಾಪಿನಲ್ಲಿ ಕಳಿಸಿದ ನನ್ನ ಮಾತನ್ನು ನಾನೇ ಕೇಳಿಸಿಕೊಂಡೆ. ಎಣ್ಣೆ ಬಿಡದ ಬಾಗಿಲಿನಂತಿತ್ತು. ತಕ್ಷಣ ಅಳಿಸಿಬಿಟ್ಟೆ. ಅಂದಿನಿಂದ ಬೇರೆಯವರ ದನಿಗಳಲ್ಲೇ ಸಂಸಾರ.

ಎಲ್ಲಿದ್ದೆ? ಫೇಲ್‌ಸೇಫ್.

ಅದು ನನಗೆ ಮೂರನೇ ವರ್ಷದಲ್ಲೋ ನಾಲ್ಕನೇ ವರ್ಷದಲ್ಲೋ ಹೇಳಿಕೊಟ್ಟ ಪಾಠ. ಹೇಳಿಕೊಟ್ಟವಳು ಅವ್ವ. "ಎಲ್ಲೇ ಕೈ ತಪ್ಪಲಿ, ನಿಂತ ಜಾಗಾ ಬಿಟ್ಟು ಕದಲಬ್ಯಾಡ. ನಾ ಬರ್ತೀನಿ." ಎಂಥ ಒಳ್ಳೆಯ ಫೇಲ್‌ಸೇಫು! ಆದರೆ ಹಾಕಿದ್ದು ಎಂಥ ಯಂತ್ರಕ್ಕೆ! ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಕೈ ತಪ್ಪಿತು. ಬಾಳೆಹಣ್ಣಿನ ಗಾಡಿಯ ಪಕ್ಕ ನಿಲ್ಲಬೇಕಾಗಿತ್ತು. ನಿಂತೆ, ಒಂದರಿಂದ ಹತ್ತು ಎಣಿಸುವಷ್ಟು ಹೊತ್ತು. ಅಷ್ಟರಲ್ಲಿ ಪಕ್ಕದ ಬಸ್ಸಿನ ಬಾಗಿಲಲ್ಲಿ ಕಂಡಕ್ಟರು "ಕುರುಗೋಡ್ ಕುರುಗೋಡ್ ಕುರುಗೋಡ್" ಎಂದು ಒಂದೇ ಉಸಿರಿನಲ್ಲಿ ಕೂಗಿದ. ಅದರ ರುಚಿಗೆ ನನ್ನ ಕಾಲು ತಾನೇ ನಡೆಯಿತು. ಅವ್ವ ಸ್ಟ್ಯಾಂಡಿನ ಆ ತುದಿಯಲ್ಲಿ ಎದೆ ಹೊಡೆದುಕೊಂಡು ಅಳುತ್ತಿದ್ದಳಂತೆ. ನಾನು ಈ ತುದಿಯಲ್ಲಿ ಬಸ್ಸಿನ ಮೆಟ್ಟಿಲು ಹಿಡಿದು ಜನರನ್ನು ಕುರುಗೋಡಿಗೆ ಹತ್ತಿಸುತ್ತಿದ್ದೆ. ಇಬ್ಬರು ಹತ್ತಿಯೂ ಬಿಟ್ಟಿದ್ದರು.

ಆಗ ಅಷ್ಟು ಗದ್ದಲವನ್ನು ಸೀಳಿಕೊಂಡು ಒಂದು ಕೂಗು ಬಂತು. "ಏಽಽಽ ಮಲ್ಯಾ! ಕೇಳಿಸ್ತೇನು?"

ಕರೂರಿನ ಸೋದರಮಾವನ ಕೂಗು ಅದು. ಅವ್ವನ ಅಣ್ಣ, ಪಂಪಾಪತಿ ಮಾವ. ಆ ದಿನ ನಮ್ಮನ್ನು ಬಸ್ ಹತ್ತಿಸಲು ಬಂದಿದ್ದ. ಕೇಳಿಸಿತೇ ಎಂದರೆ! ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ವಗ್ಗಾಣಿ ತಿನ್ನುತ್ತಿದ್ದವರ ಕೈ ಕೂಡ ತಟ್ಟೆ ಬಿಟ್ಟು ಮೇಲೆದ್ದಿರಬೇಕು. ನಾನು ಓಡಿಹೋಗಿ ಅವನ ಪಂಚೆಗೆ ಅಂಟಿಕೊಂಡೆ.

ಮಾವನ ಕೂಗನ್ನು ಬರೆದು ತೋರಿಸುವುದು ಕಷ್ಟ. ಮಾಡಿ ತೋರಿಸುವುದು ಸುಲಭ, ತೊಂದರೆಯೆಲ್ಲ ಬಂದದ್ದು ಅಲ್ಲಿಂದಲೇ. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಪಳಗಿದ ಗಂಟಲು. ಮೊದಲು ಗದ್ದ ಮೇಲಕ್ಕೆ ಹೋಗುತ್ತದೆ. ಆಮೇಲೆ ಒಂದು ಕೈ ಕಿವಿಯ ಹಿಂದೆ, ಇನ್ನೊಂದು ಕೈ ಮುಂದಕ್ಕೆ, ಯಾರನ್ನೋ ನೂಕುವ ಹಾಗೆ. ಆಮೇಲೆ "ಏ" ಎಂಬುದು ಹೊರಟು ಕಾಲುವೆ ದಾಟಿ ಹೋಗಿ ಬರುತ್ತದೆ. ಕೊನೆಗೆ ಒಂದು ಸಣ್ಣ ಕೆಮ್ಮು, "ಕೇಳಿಸ್ತೇನು?" ಎರಡು ಅಡಿ ದೂರ ಕೂತು ಊಟ ಮಾಡುತ್ತಿರುವ ಅತ್ತೆಯನ್ನು ಉಪ್ಪು ಕೇಳುವಾಗಲೂ ಅದೇ. "ಏಽಽ ಉಪ್ಪು ಕೊಡು. ಕೇಳಿಸ್ತೇನು?" ಕೇಳಿಸಿತು ಎಂದು ಎದುರಿನವರು ಹೇಳುವವರೆಗೂ ಮಾವನಿಗೆ ಸಮಾಧಾನವಿಲ್ಲ.

ಇಂಥ ಚಿನ್ನದ ಗಣಿಯನ್ನು ನಾನು ಬಿಡುತ್ತೇನೆಯೇ, ನೀವೇ ಹೇಳಿ.

ಒಂದು ನಾಟಿಯ ಹಂಗಾಮಿನಲ್ಲಿ ಪಂಪ್‌ಸೆಟ್ ಮನೆಯ ಹಿಂದೆ ಅಡಗಿ ಮಾವನ ದನಿಯಲ್ಲಿ ಕೂಗಿದೆ. "ಏಽಽ ಹುಲಿಗೀ, ಬುತ್ತಿ ಬಿಚ್ಚ್ರಿ! ಕೇಳಿಸ್ತೇನು?" ಹುಲಿಗೆಮ್ಮಕ್ಕ ಎಂದರೆ ನಾಟಿ ಹಚ್ಚುವ ಎಂಟು ಹೆಂಗಸರ ಗುಂಪಿನ ಮುಂದಾಳು. ಎಂಟೂ ಜನ ಗದ್ದೆ ಬಿಟ್ಟು ಮೇಲೆ ಬಂದು, ಕೈ ತೊಳೆದುಕೊಂಡು, ಹೊತ್ತಿಗೆ ಮುಂಚೆಯೇ ರೊಟ್ಟಿ ಗಂಟು ಬಿಚ್ಚಿದರು. ಮಾವ ಬಂದು ನೋಡಿ ಕಕ್ಕಾಬಿಕ್ಕಿ. ವಿಷಯ ತಿಳಿದ ಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ನಕ್ಕು, ಹುಲಿಗೆಮ್ಮಕ್ಕನೊಡನೆ ಒಂದು ಕಟ್ಟುಪಾಡು ಮಾಡಿಕೊಂಡ. "ಇನ್ನ್ ಮ್ಯಾಲೆ ಬರೇ ದನಿ ನಂಬಬ್ಯಾಡ್ರಿ. ನಾ ಕೂಗಿದ್ರ ಟವೆಲ್ ಮ್ಯಾಲೆ ಹಾರಿಸ್ತೀನಿ. ಟವೆಲ್ ಕಂಡ್ರ ನಾನು. ಇಲ್ಲಾಂದ್ರ ಈ ಮಂಗ್ಯಾ." ಅವನ ಹೆಗಲ ಮೇಲಿನ ಕೆಂಪು ಚೌಕಳಿ ಟವೆಲ್ಲು ಆ ದಿನದಿಂದ ಕೂಗಿನ ಜೊತೆಗಾರನಾಯಿತು. ರಿಮೋಟಿಗೂ ರಿಸೀವರಿಗೂ ಮೊದಲ ದಿನ ಗುರುತು ಮಾಡಿಸಬೇಕು, ಇಲ್ಲದಿದ್ದರೆ ಬೇರೆಯವರ ರಿಮೋಟಿನ ಮಾತನ್ನೂ ಅದು ಕೇಳೀತು ಎಂದು ಈಗ ನಾನು ದೊಡ್ಡದಾಗಿ ಓದಿ ತಿಳಿದಿದ್ದೇನೆ. ಮಾವ ಅದನ್ನು ಓದದೆ ಮಾಡಿದ್ದ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲುವುದು ನನಗೆ ಗೊತ್ತಿಲ್ಲವಲ್ಲ.

ಸಿರುಗುಪ್ಪದಲ್ಲಿ ಮಾವನ ಮಗಳ ಕೂಸಿಗೆ ಹೆಸರಿಡುವ ಕಾರ್ಯ. ನನ್ನ ಕೈಗೆ ಮೈಕು ಸಿಕ್ಕಿತು. ತೊಟ್ಟಿಲ ಪಕ್ಕ ನಿಂತು ಒಬ್ಬೊಬ್ಬರನ್ನೇ ಮಾಡಿದೆ. ಕೊನೆಗೆ "ಈಗ ಕರೂರು ಪಂಪಣ್ಣ" ಎಂದು ಗದ್ದ ಎತ್ತಿದೆ. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದನ್ನು ಮಾವನ ಕೂಗಿನಲ್ಲಿ ಮಾಡಿ, "ಕೇಳಿಸ್ತೇನು?" ಎಂದು ಕೂಸನ್ನೇ ಕೇಳಿದೆ. ಮಾವನ ಬೀಗರ ಕಡೆಯವರೆಲ್ಲ, ಹೊಸ ನೆಂಟರೆಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಆಗ ಹೊರಗಿನ ಪೆಂಡಾಲಿನಲ್ಲಿ ಊಟದ ಪಂಕ್ತಿಯ ನಡುವೆ ಸಾರಿನ ಬಕೆಟ್ಟು ಹಿಡಿದು ನಿಂತಿದ್ದ. ಮೈಕಿನ ದನಿಯನ್ನೂ ನಗುವನ್ನೂ ಕೇಳಿದ. ಅನ್ನ ತರುವವರನ್ನು ಕರೆಯಲು ಎತ್ತಿದ್ದ ಅವನ ಗದ್ದ ಹಾಗೆಯೇ ಕೆಳಗಿಳಿಯಿತಂತೆ. ಬಕೆಟ್ಟು ಕೆಳಗಿಟ್ಟು ತಾನೇ ನಡೆದುಹೋಗಿ ಅನ್ನ ತಂದನಂತೆ.

ಅಂದಿನಿಂದ ಮಾವ ಕೂಗುವುದನ್ನು ಬಿಟ್ಟ. ಗದ್ದೆಯಲ್ಲಿ ಏನಾದರೂ ಹೇಳಬೇಕಾದರೆ ಬದು ತುಳಿದು ಅಲ್ಲಿಗೇ ಹೋಗಿ ಮೆಲ್ಲಗೆ ಹೇಳಿ ಬರುತ್ತಾನೆ, ಇಲ್ಲವೇ ಬರೀ ಟವೆಲ್ ಬೀಸುತ್ತಾನೆ ಎಂದು ಅತ್ತೆ ಅವ್ವನಿಗೆ ಹೇಳಿದಳು. ನನ್ನೊಡನೆ ಮಾತೇ ನಿಂತಿತು. ಬೈಯಲಿಲ್ಲ, ಬೈದಿದ್ದರೆ ಆ ಬೈಗುಳವನ್ನೂ ಕಲಿತು ಹಗುರಾಗುತ್ತಿದ್ದೆ. ಎದುರಿಗೆ ನಿಂತಿದ್ದರೂ "ಅವಂಗ ಊಟಕ್ಕ ಬಾ ಅಂತ ಹೇಳು" ಎಂದು ಅತ್ತೆಯ ಮೂಲಕ ಕರೆಯುತ್ತಿದ್ದ. ನಾನು ಎರಡು ಸಲ ಕರೂರಿಗೆ ಹೋಗಿ, ಮೊಣಕಾಲು ಕುಣಿಸುತ್ತ ಕೂತು, ತಪ್ಪಾಯಿತು ಎನ್ನುವ ಬದಲು ತಹಸೀಲ್ದಾರರ ಮಿಮಿಕ್ರಿ ಮಾಡಿ ಬಂದೆ. ನಗಿಸಿದರೆ ಸರಿಹೋಗುತ್ತದೆ ಎಂದು ನನ್ನ ಲೆಕ್ಕ. ಮಾವ ಎದ್ದು ಎಮ್ಮೆ ಕಟ್ಟಲು ಹೋದ. ನನಗೆ ಬೇಕಾಗಿದ್ದದ್ದು ಒಂದೇ ಮಾತು. ನೇರವಾಗಿ, ನನಗೆ ಹೇಳಿದ್ದು.

ಅದಕ್ಕೇ ಡ್ರೋನು.

ನಾನೂ ಕುರುಗೋಡಿನ ಖಾಜಾನೂ ಸೇರಿ ಬಿಡಿಭಾಗ ತಂದು ಕಟ್ಟಿದ್ದು. ಖಾಜಾ ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಬೆಸುಗೆ ಹಾಕುವಾಗ ಉಸಿರು ಹಿಡಿದು ಕೂರುವ ಮನುಷ್ಯ, ನನಗೆ ಪೂರಾ ತದ್ವಿರುದ್ಧ. ಬಳ್ಳಾರಿಯ ಮನೆಮನೆ ಮೇಲೆ ಹಾರಿಸುವಂತಿಲ್ಲ, ಬಯಲು ಬೇಕು. ಕರೂರಿನ ಮಾವನ ಗದ್ದೆಗಿಂತ ಒಳ್ಳೆಯ ಬಯಲು ಯಾವುದು? ಹಾರಿಸಿ ಮಾವನ ಗದ್ದೆಯನ್ನು ಮೇಲಿನಿಂದ ಅವನಿಗೇ ತೋರಿಸಿದರೆ ಅವನು "ಹೌದೇನಲೇ" ಎಂದಾದರೂ ಅನ್ನಲೇಬೇಕಲ್ಲ! ಅವ್ವ ಫೋನು ಮಾಡಿದಳು, ಸಕ್ಕರೆಪಾಕದ ದನಿಯಲ್ಲಿ. ಸ್ಪೀಕರಿನಲ್ಲಿ ಮಾವನ ಉತ್ತರ ಬಂತು. "ಬರ್ಲಿ ಅನ್ನು. ಆದ್ರ ನಾಟಿ ನಡದೈತಿ, ಹೆಣ್ಮಕ್ಕಳು ಅದಾರ. ಅವರ ಮ್ಯಾಲೆ ಬಿದ್ದ್ರ ನಾ ಸುಮ್ನಿರಂಗಿಲ್ಲ ಅಂತ ಹೇಳು ಅವಂಗ." ಅವನು ಎಂಬ ನಾನು ಫೋನಿನ ಪಕ್ಕದಲ್ಲೇ ಒಂಟಿ ಕಾಲಲ್ಲಿ ಕುಣಿಯುತ್ತಿದ್ದೆ.

ಹಾಗಾಗಿ ಶನಿವಾರ ಸಂಜೆ ಕುರುಗೋಡಿಗೆ ಓಡಿದೆ, ಫೇಲ್‌ಸೇಫ್ ಇಡಲು. ಸಂಪರ್ಕ ಕಡಿದರೆ ಮೋಟಾರು ಬಂದಾಗಿ ಡ್ರೋನು ಇದ್ದಲ್ಲೇ ಬೀಳಬೇಕು, ದೂರ ಹೋಗಬಾರದು. ಅಷ್ಟೇ ಪಾಠ. ರೆಕ್ಕೆಗಳನ್ನು ಬಿಚ್ಚಿ ಖಾಜಾನ ಮೇಜಿನ ಮೇಲೆ ಇಟ್ಟೆವು. ಮೋಟಾರಿನ ಸ್ವಿಚ್ಚು ಮೊದಲು ಆಫ್ ಮಾಡಿಕೊಳ್ಳಬೇಕು. ನನಗೆ ಅಷ್ಟು ತಾಳ್ಮೆ ಎಲ್ಲಿ, ಅದು ಆನ್ ಇತ್ತು, ಮೋಟಾರುಗಳು ಮೆಲ್ಲಗೆ ಗುಂಯ್ ಎನ್ನುತ್ತಿದ್ದವು. ಖಾಜಾ ರಿಮೋಟು ಹಿಡಿದು ವೇಗದ ಕಡ್ಡಿಯನ್ನು ಪೂರ್ತಿ ಕೆಳಗೆಳೆದುಕೊಂಡು ಕೂತ. ನಾನು ಗುಂಡಿಪಿನ್ನು ಹಿಡಿದು ಸಾಸಿವೆ ಗುಂಡಿಯ ಮೇಲೆ ಇಟ್ಟೆ.

"ಒತ್ತು," ಎಂದ ಖಾಜಾ.

"ಒತ್ತತೀನಿ ತಡಿ. ನಾಳೆ ನಮ್ಮ ಮಾವ ಇದನ್ನ ನೋಡಿ ಹೆಂಗ ಕೂಗ್ತಾನ ಗೊತ್ತೇನು?"

"ಅರೇ ಯಾರ್, ಮೊದ್ಲು ಒತ್ತಲೇ. ಆಮ್ಯಾಲೆ ಕೂಗು."

ಗದ್ದ ಎತ್ತಿದೆ. "ಏಽಽ ಡ್ರೋನಾ! ಬರ್ತೀಯೋ ಇಲ್ಲೋ! ಕೇಳಿಸ್ತೇನು?" ಎಂದೆ. ಎಂದು ಪಿನ್ನು ಒತ್ತಿದೆ. ಉಸಿರು ಹಿಡಿದು ಕೂರುವ ಖಾಜಾ ಅದೇ ಕ್ಷಣಕ್ಕೆ ಉಸಿರು ಬಿಟ್ಟ. ಖೊಳ್ ಎಂದು ನಕ್ಕ, ಮೈಯೆಲ್ಲ ಕುಲುಕಿತು, ಕೈಯಲ್ಲಿದ್ದ ರಿಮೋಟೂ ಕುಲುಕಿತು. ಮೇಜಿನ ಮೇಲೆ ಮೋಟಾರುಗಳು ಒಮ್ಮೆಲೇ ಗುಂಯ್ಯೋ ಎಂದು ಅರಚಿದವು. ಅವೂ ನಗುತ್ತಿವೆ ಎಂದು ನಾವು ಇನ್ನಷ್ಟು ನಕ್ಕೆವು. ರಿಸೀವರಿನ ಲೈಟು ಎರಡು ಸಲ ಮಿಣುಕಿತು. ಪಾಠ ಕಲಿತೆ ಎಂದು ಅದರ ಅರ್ಥ.

ಹೊರಗೆ ಬಳ್ಳಾರಿ ಬಸ್ಸು ಹಾರ್ನು ಹೊಡೆಯಿತು. ನಾನು ಎಲ್ಲವನ್ನೂ ಚೀಲಕ್ಕೆ ತುರುಕಿದೆ.

"ರುಕ್ ಲೇ. ರಿಮೋಟ್ ಆಫ್ ಮಾಡಿ ಒಮ್ಮಿ ನೋಡೋಣು. ನಿಂತತೇನೋ ಇಲ್ಲೋ."

"ಲೈಟ್ ಮಿಣಕ್ ಅಂತಲ್ಲ. ಆತು."

"ನೋಡಾಕ ಎಷ್ಟೊತ್ತು ಬೇಕಲೇ? ಅರ್ಧ ನಿಮಿಷ."

ಜೀವನದಲ್ಲಿ ಸಾವಿರಾರು ಗುಂಡಿ ಹೊಡೆದವನಿಗೆ ಒಂದು ಗುಂಡಿಯ ಪರೀಕ್ಷೆಯೇ? ಬಸ್ಸಿನ ಮೆಟ್ಟಿಲ ಮೇಲಿದ್ದೆ. ಮನೆಗೆ ಹೋಗಿ ನೋಡಬಹುದಿತ್ತು. ಮಾವನೆದುರು ಯಾವ ದನಿಯಲ್ಲಿ ಮಾತು ಶುರು ಮಾಡಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡುವುದರಲ್ಲಿ ಅದು ಮರೆತೇಹೋಯಿತು.

ಭಾನುವಾರ ಬೆಳಗ್ಗೆ ಸಿರುಗುಪ್ಪದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಕರೂರು ಸೇರಿದಾಗ ಗದ್ದೆಯಲ್ಲಿ ನಾಟಿ ಅರ್ಧ ಮುಗಿದಿತ್ತು. ಪಂಪ್‌ಸೆಟ್ ಮನೆಯ ಕಟ್ಟೆಯ ಮೇಲೆ ಮಾವ ಕೂತಿದ್ದ, ಟವೆಲ್ಲು ಹೆಗಲ ಮೇಲಿತ್ತು. ಎದುರಿಗೆ ನೀರು ನಿಂತ ಖಾಲಿ ಗದ್ದೆ. ಅದರಾಚೆಯ ಗದ್ದೆಯಲ್ಲಿ ಏಳು ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರು. ಹುಲಿಗೆಮ್ಮಕ್ಕ ಕೊಡ ಹಿಡಿದು ಪಂಪಿನ ನೀರಿಗೆ ಬಂದಿದ್ದಳು.

"ಬಂತು ನೋಡ್ರಿ ಮಂಗ್ಯಾ. ಏನೋ ತಮ್ಮಾ, ಇವತ್ತೂ ಬುತ್ತಿ ಬಿಚ್ಚಸ್ತೀಯೇನು?"

"ಇವತ್ತ್ ಮ್ಯಾಲಿಂದ ಬಿಚ್ಚಸ್ತೀನಿ ಅಕ್ಕಾ," ಎಂದು ಡ್ರೋನು ತೋರಿಸಿದೆ.

ಮಾವ ಡ್ರೋನನ್ನು ನೋಡಿದ, ನನ್ನನ್ನು ನೋಡಲಿಲ್ಲ. ಹುಲಿಗೆಮ್ಮಕ್ಕನಿಗೆ ಹೇಳಿದ. "ಅದರ ತಲಿ ಕೆಟ್ಟು ಮಾತು ಕೇಳದಿದ್ದ್ರ ಏನ್ ಮಾಡ್ತಾನಂತ ಕೇಳು."

ನನಗೆ ಬೇಕಾಗಿದ್ದ ಪ್ರಶ್ನೆಯೇ ಬಂದಿತ್ತು! "ಮಾತು ಕೇಳದಿದ್ರ ಮೋಟಾರ್ ಬಂದ್ ಆಗಿ ಇದ್ದಲ್ಲೇ ಬೀಳತೈತಿ ಮಾವಾ. ಒಂದ್ ಹೆಜ್ಜಿ ಆಚೀಚಿ ಹೋಗಂಗಿಲ್ಲ. ನಾನೇ ಹೇಳಿಕೊಟ್ಟೀನಿ."

"ನೀ ಹೇಳಿಕೊಟ್ಟಿದ್ದಾ?" ಹುಲಿಗೆಮ್ಮಕ್ಕ ಕೊಡ ಸೊಂಟಕ್ಕೇರಿಸಿ ನಕ್ಕಳು. "ಹಂಗಾರ ನಾವು ದೂರ ಇರೋದು ಚಲೋ." ನಗುತ್ತಲೇ ಬದು ದಾಟಿ ಸಾಲಿಗೆ ಸೇರಿಕೊಂಡಳು.

ಡ್ರೋನು ಎದ್ದಿತು. ಖಾಲಿ ಗದ್ದೆಯ ಮೇಲೆ ಎದೆಮಟ್ಟಕ್ಕೆ ತಂದು ನಿಲ್ಲಿಸಿದೆ. ನೀರಿನಲ್ಲಿ ಅದರ ನೆರಳು ನಡುಗುತ್ತಿತ್ತು. ಇಷ್ಟಕ್ಕೇ ಬಿಟ್ಟು ಸುತ್ತ ಹಾರಿಸಿ ತೋರಿಸಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಮಾವ ಇನ್ನೂ ಮುಖ ಎತ್ತಿರಲಿಲ್ಲ.

"ಮಾವಾ, ನೋಡ್ರಿ ಈಗ. ರಿಮೋಟ್ ಆಫ್ ಮಾಡ್ತೀನಿ. ಇಲ್ಲೇ ಕೆಸರಾಗ ಪಚಕ್ ಅಂತ ಬೀಳತೈತಿ."

ಆಫ್ ಮಾಡಿದೆ.

ಅದು ಬೀಳಲಿಲ್ಲ. ಒಂದು ಕ್ಷಣ ಯೋಚಿಸುವ ಹಾಗೆ ನಿಂತು, ಗುಂಯ್ಯೋ ಎಂದು ಅರಚಿ, ಮೂತಿ ಬಗ್ಗಿಸಿ ಮುಂದಕ್ಕೆ ಹೊರಟಿತು. ಆ ಅರಚು ನನಗೆ ಗೊತ್ತಿದ್ದದ್ದೇ. ಖಾಜಾನ ಮೇಜಿನ ಮೇಲೆ ಕೇಳಿದ್ದೆ. ನಾನು ಪಿನ್ನು ಒತ್ತಿದಾಗ ಅವನ ಹೆಬ್ಬೆರಳುಗಳು ನಗುತ್ತಿದ್ದವು. ಎಡಗಡ್ಡಿ ಮೇಲೆ ಹೋಗಿತ್ತು, ಬಲಗಡ್ಡಿ ಮುಂದೆ ಹೋಗಿತ್ತು, ರಿಸೀವರು ಅದನ್ನೇ ಪಾಠವೆಂದು ನೆನಪಿಟ್ಟುಕೊಂಡಿತ್ತು. ಮಾವನ ಕೂಗಿಗೆ ನಕ್ಕ ನಗು ಈಗ ನಾಲ್ಕು ರೆಕ್ಕೆ ತಿರುಗಿಸಿಕೊಂಡು, ಎದೆಮಟ್ಟದಲ್ಲಿ, ಆ ಎಂಟು ಜನರ ಕಡೆಗೆ ಹೋಗುತ್ತಿತ್ತು.

ರಿಮೋಟನ್ನು ಮತ್ತೆ ಆನ್ ಮಾಡಿದೆ. ಅದಕ್ಕೆ ತನ್ನದೇ ಶಾಸ್ತ್ರ. ಏಳುವಾಗ ಹಾಡು ಹಾಡುತ್ತದೆ. ಆಮೇಲೆ ವೇಗದ ಕಡ್ಡಿ ಕೆಳಗಿಲ್ಲ, ಸ್ವಿಚ್ಚು ಮೊದಲಿನ ಜಾಗದಲ್ಲಿಲ್ಲ ಎಂದು ಕೀಂಕೀಂ ಎನ್ನುತ್ತದೆ, ಎಲ್ಲ ಸರಿಮಾಡುವವರೆಗೂ ಡ್ರೋನಿನೊಡನೆ ಮಾತಾಡುವುದಿಲ್ಲ. ಇದೂ ಒಂದು ಸುರಕ್ಷತೆಯೇ. ನನ್ನ ಬೆರಳುಗಳು ಯಾವ ಸ್ವಿಚ್ಚು ಎಲ್ಲಿದೆ ಎಂಬುದನ್ನು ಮರೆತಿದ್ದವು. ಬಾಯಿ ಮಾತ್ರ ತೆರೆಯಿತು. ಹೆದರಿದವನ ಬಾಯಿಂದ ಅವನ ಸ್ವಂತ ದನಿ ಬರುತ್ತದೆ ಎಂದು ನೀವು ತಿಳಿದಿರಬಹುದು. ನನ್ನ ಗಂಟಲಲ್ಲಿ ಕೊನೆಗೆ ಉಳಿಸಿಟ್ಟಿದ್ದು ಯಾವುದೋ ಅದೇ ಬಂತು.

"ಏಽಽ ಹುಲಿಗೀ! ಕುಂದರ್ರಿ! ಕೇಳಿಸ್ತೇನು?"

ಕರಾರುವಾಕ್ಕಾಗಿ ಮಾವನ ದನಿ. ಕೆಮ್ಮು ಸಮೇತ.

ಬಗ್ಗಿ ಸಸಿ ಹಚ್ಚುತ್ತಿದ್ದ ಎಂಟೂ ಜನ ನೆಟ್ಟಗೆ ಎದ್ದು ನಿಂತರು. ಬಗ್ಗಿಯೇ ಇದ್ದಿದ್ದರೆ ಅದು ಅವರ ಮೇಲಿಂದ ಹೋಗಿಬಿಡುತ್ತಿತ್ತು. ನಾನು ಕೂಗಿ ಅವರ ಮುಖಗಳನ್ನು ಸರಿಯಾಗಿ ಅದರ ಎತ್ತರಕ್ಕೆ ತಂದೆ. ಎದ್ದವರು ಬದುವಿನ ಕಡೆ ನೋಡಿದರು. ಟವೆಲ್ಲು ಕಾಣಲಿಲ್ಲ. ಅವರಲ್ಲೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಏ ಹೋಗಲೋ ಮಂಗ್ಯಾ! ಕೆಸರಾಗ ಕುಂದ್ರಸ್ತಾನಂತ!"

ನಾನು ಮತ್ತೆ ಕೂಗಿದೆ. ಮತ್ತೆ ಅದೇ ದನಿ. ಅವರು ಮತ್ತೂ ನಕ್ಕರು.

ಆಗ ನನ್ನ ಪಕ್ಕದಲ್ಲಿ ಏನೋ ಕೆಂಪಗೆ ಮೇಲೆ ಹೋಯಿತು. ಮಾವ ಕಟ್ಟೆಯಿಂದ ಜಿಗಿದು, ಟವೆಲ್ಲು ಎತ್ತಿ ತಲೆಯ ಮೇಲೆ ಒಮ್ಮೆ ಬೀಸಿದ. ಬಾಯಿ ತೆರೆಯಲಿಲ್ಲ. ಬೀಸಿದವನೇ ಬದುವಿನ ಕೆಸರಿನಲ್ಲಿ ಧೊಪ್ಪನೆ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

ಆ ಎಂಟು ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಯಾಕೆಂದು ಕೇಳಲಿಲ್ಲ. ಮಾವ ಹೇಗೆ ಕೂತನೋ ಹಾಗೆ ಕೂತರು. ನಡು ಮುಳುಗುವಷ್ಟು ಕೆಸರು ನೀರಿನಲ್ಲಿ, ತಲೆ ತಗ್ಗಿಸಿ, ಕೈ ತಲೆಯ ಮೇಲೆ. ನಾನು ಎಷ್ಟೋ ವೇದಿಕೆಯಲ್ಲಿ ಅನುಕರಣೆ ಮಾಡಿದ್ದೇನೆ. ಅಷ್ಟು ಚೊಕ್ಕ ಅನುಕರಣೆಯನ್ನು ನೋಡಿರಲಿಲ್ಲ. ಹುಲಿಗೆಮ್ಮಕ್ಕನ ಕೈಯಲ್ಲಿ ಸಸಿಯ ಕಟ್ಟಿತ್ತು. ಅದನ್ನು ಬಿಡದೆ ತಲೆಯ ಮೇಲೆ ಹಿಡಿದಿದ್ದಳು. ಡ್ರೋನು ಅವರ ಸಾಲಿನ ಮೇಲಿಂದ ಹಾದುಹೋಯಿತು.

ಅಷ್ಟರಲ್ಲಿ ರಿಮೋಟಿನ ಶಾಸ್ತ್ರ ಮುಗಿದಿತ್ತು. ಕಡ್ಡಿ ಕೆಳಗಿತ್ತು, ಆಚೆ ಬದುವಿನ ಮೇಲೆ ಡ್ರೋನು ಮೋಟಾರು ನಿಂತು ಟಣ್ ಎಂದು ಬಿತ್ತು. ಒಂದು ತೋಳು ಮುರಿಯಿತು.

ಹುಲಿಗೆಮ್ಮಕ್ಕ ಒದ್ದೆ ಸೀರೆ ಎಳೆದುಕೊಂಡು ಬಂದು ನನ್ನ ಮುಂದೆ ಸಸಿಯ ಕಟ್ಟು ಹಿಡಿದಳು. ಅದರ ತುದಿಗಳು ಕತ್ತರಿಯಲ್ಲಿ ಕತ್ತರಿಸಿದಂತೆ ಒಂದು ಮೂಲೆಯಲ್ಲಿ ಸಪಾಟಾಗಿದ್ದವು.

"ನಗೋದಕ್ಕೂ ಒಂದ್ ಹೊತ್ತಿರತೈತಿ ತಮ್ಮಾ," ಎಂದಳು. ಅಷ್ಟೇ. ಬೈಯುವುದರಲ್ಲಿ ಊರಿಗೇ ಹೆಸರಾದವಳು, ಅಷ್ಟೇ ಹೇಳಿ ಹೋದಳು.

ಮಾವ ಹೋಗಿ ಡ್ರೋನನ್ನು ಎತ್ತಿಕೊಂಡು ಬಂದ. ಕೋಳಿಮರಿ ಹಿಡಿದ ಹಾಗೆ ಹಿಡಿದಿದ್ದ. ಕಟ್ಟೆಯ ಮೇಲಿಟ್ಟು, ನನ್ನ ಮುಖ ನೋಡಿದ.

"ಅದಕ್ಕ ಏನ್ ಹೇಳಿಕೊಟ್ಟಿದ್ದೀ?"

ನನಗೆ ಬೇಕಾಗಿದ್ದ ಮಾತು. ನೇರವಾಗಿ, ನನಗೆ. ಇಂಥ ಹೊತ್ತಿನಲ್ಲಿ ಬಂತು.

ಹೇಳಿದೆ. ಖಾಜಾನ ಅಂಗಡಿ, ಗುಂಡಿಪಿನ್ನು, ನಾನು ಎತ್ತಿದ ಗದ್ದ, ಅವನು ನಕ್ಕದ್ದು, ರಿಸೀವರು ಆ ನಗುವನ್ನು ಕಲಿತದ್ದು, ಪರೀಕ್ಷೆ ಮಾಡದೆ ಬಸ್ಸು ಹತ್ತಿದ್ದು. ಹೆಸರಿಡುವ ಕಾರ್ಯದ ಮಾತೂ ಬಂತು. ತಪ್ಪಾತು ಮಾವಾ ಎಂದೆ. ಮಾವ ಟವೆಲ್ಲಿನ ಕೆಸರು ಹಿಂಡುತ್ತಾ ಹೇಳಿದ.

"ಎಲ್ಲಾರೂ ನೋಡ್ಯಾರ. ಬೀಗರು ನೋಡ್ಯಾರ, ನಿನ್ ಗೆಳ್ಯಾ ನೋಡ್ಯಾನ. ನಾ ಒಬ್ಬಾವ ನೋಡಿಲ್ಲ. ಮಾಡು, ನೋಡ್ತೀನಿ."

"ಮಾವಾ…"

"ಮಾಡಲೇ. ನಾ ಹೆಂಗ ಕಾಣ್ತೀನಿ, ತೋರ್ಸು."

ಗದ್ದ ಎತ್ತಲು ನೋಡಿದೆ. ಏಳಲಿಲ್ಲ. ಬಾಯಿ ತೆರೆದೆ. ಗಂಟಲಲ್ಲಿ ಸೂಪರ್‌ವೈಸರು ಇರಲಿಲ್ಲ, ತಹಸೀಲ್ದಾರರು ಇರಲಿಲ್ಲ, ಕುರುಗೋಡಿನ ಕಂಡಕ್ಟರೂ ಇರಲಿಲ್ಲ. ಎದುರಿಗೆ ಮಾವನೇ ನಿಂತಿರುವಾಗ ಮಾವ ಎಲ್ಲಿಂದ ಬರಬೇಕು? ನನ್ನ ಮೊಣಕಾಲು ಕೂಡ ನಿಂತಿತ್ತು ಎಂಬುದು ಆಮೇಲೆ ನೆನಪಾಯಿತು.

"ಬಿಡು," ಎಂದ ಮಾವ. "ಅದರಾಗಿಂದ ಆ ನಗಿ ತಗಿ ಮೊದಲು. ಹೆಂಗ ಮಾಡಬೇಕು ಹೇಳು."

ರೆಕ್ಕೆಗಳನ್ನು ಬಿಚ್ಚಿದೆ. ಮೋಟಾರಿನ ಸ್ವಿಚ್ಚು ಈ ಸಲ ಆಫ್ ಮಾಡಿದೆ. ರಿಮೋಟನ್ನು ಮಾವನ ಕೈಗೆ ಕೊಟ್ಟು ಎಡಗಡ್ಡಿಯನ್ನು ಕೆಳಕ್ಕೆಳೆದು ಹಿಡಿಯಲು ಹೇಳಿದೆ. ಬಲಗಡ್ಡಿ ಮುಟ್ಟಬಾರದು ಎಂದೆ. ಮಾವ ಹಿಡಿದ. ಉಗುರಿನಲ್ಲಿ ಕೆಸರು ತುಂಬಿದ ಹೆಬ್ಬೆರಳು, ನೀರಿನ ಮೋರಿಗೆ ಹಲಗೆ ಇಟ್ಟ ಹಾಗೆ ಕಡ್ಡಿಯ ಮೇಲೆ ಕೂತಿತು. ನಾನು ಪಿನ್ನು ಹಿಡಿದು ಬಗ್ಗಿದೆ.

"ಬಾಯಿ ಮುಚ್ಚಿ ಒತ್ತು," ಎಂದ.

ಬಾಯಿ ಮುಚ್ಚಿ ಒತ್ತಿದೆ. ಲೈಟು ಎರಡು ಸಲ ಮಿಣುಕಿತು.

"ಈಗ ಆಫ್ ಮಾಡಿ ನೋಡು."

ಮೋಟಾರು ತಿರುಗಿಸಿ ರಿಮೋಟು ಆಫ್ ಮಾಡಿದೆ. ಮೂರು ಮೋಟಾರು ಉಳಿದಿದ್ದವು, ಮೂರೂ ತಕ್ಷಣ ನಿಂತವು. "ಇನ್ನೊಮ್ಮಿ," ಎಂದ ಮಾವ. ನಿಂತವು. "ಇನ್ನೊಮ್ಮಿ." ಏಳನೇ ಸಲಕ್ಕೆ ಎದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಬದು ತುಳಿದು ಹುಲಿಗೆಮ್ಮಕ್ಕನ ಸಾಲಿನ ಕಡೆ ಹೋದ. ಅವರಿಗೆ ಏನು ಹೇಳಿದನೋ, ಮೆಲ್ಲಗೆ ಹೇಳಿದ. ನನಗೆ ಕೇಳಿಸಲಿಲ್ಲ. ಹೊತ್ತಿಗೆ ಮುಂಚೆಯೇ ಅವರು ಮೇಲೆ ಬಂದು ಬುತ್ತಿ ಬಿಚ್ಚಿದರು.

ನಾನು ಉಣ್ಣಲು ಕೂರಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟೆ. ಮಾವ ಕರೆಯಲಿಲ್ಲ. ಗದ್ದೆಯಿಂದ ರಸ್ತೆಗೆ ಒಳ್ಳೆಯ ದೂರವಿದೆ. ಸಿರುಗುಪ್ಪದ ಬಸ್ಸು ಬಂದು ನಿಂತಿತ್ತು, ಕಂಡಕ್ಟರು ಸೀಟಿ ಬಾಯಿಗಿಟ್ಟಿದ್ದ. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ.

"ಏಽಽಽ ಮಲ್ಯಾ!"

ಇಡೀ ಬಸ್ಸು ಕಿಟಕಿಯ ಕಡೆ ತಿರುಗಿತು. ನಾನು ನಂಬಲಿಲ್ಲ. ಆ ಕೂಗನ್ನು ಅಗ್ಗ ಮಾಡಿದವನು ನಾನೇ. ಯಾರು ಬೇಕಾದರೂ ಕೂಗಬಹುದು, ಹುಲಿಗೆಮ್ಮಕ್ಕನ ಗುಂಪಿನವರು ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿರಬಹುದು. ಹಣೆಗೆ ಕೈ ಅಡ್ಡ ಹಿಡಿದು ನೀರು ಹೊಳೆಯುವ ಗದ್ದೆಗಳಾಚೆ ನೋಡಿದೆ. ಪಂಪ್‌ಸೆಟ್ ಮನೆಯ ಮುಂದೆ, ಸಣ್ಣಗೆ, ಕೆಂಪಗೆ, ಟವೆಲ್ಲು ಹಾರುತ್ತಿತ್ತು.

"ಉಂಡು ಹೋಗಲೇಽಽ! ಕೇಳಿಸ್ತೇನು?"

ಕಂಡಕ್ಟರು ನನ್ನ ಮುಖ ನೋಡಿದ. ಕಾಲು ಕೆಳಗಿಟ್ಟೆ. ಕಿವಿಯ ಹಿಂದೆ ಕೈಯಿಡಲಿಲ್ಲ, ಗದ್ದ ಎತ್ತಲಿಲ್ಲ. ಸುಮ್ಮನೆ ಉಸಿರು ತುಂಬಿಕೊಂಡು, ಎಣ್ಣೆ ಬಿಡದ ಬಾಗಿಲಿನಂಥ ನನ್ನ ಆ ದನಿಯಲ್ಲೇ, ಬಸ್ಸಿನವರೆಲ್ಲ ನಗುವ ಹಾಗೆ ಕೂಗಿದೆ:

"ಕೇಳಿಸ್ತು ಮಾವಾ!"